ಬ್ಲೀಕ್ಲೋ ಮೇಲೆ ದಿಕ್ಸೂಚಿಯೋ, ಮೊಬೈಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಕಾಗದದ ನಕ್ಷೆಗೆ ಮತ್ತು ಇಪ್ಪತ್ತೈದು ಪೌಂಡಿನ ದಿಕ್ಸೂಚಿಗೆ. ಆ ದಿಕ್ಸೂಚಿ ಒಮ್ಮೆ ದಕ್ಷಿಣವನ್ನೇ ಉತ್ತರವೆಂದು ತೋರಿಸಿದ ಮೇಲೂ.

ಮ್ಯಾಂಚೆಸ್ಟರಿನಲ್ಲಿರುವ ನನಗೆ ಕೈಗೆಟುಕುವ ಬೆಟ್ಟವೆಂದರೆ ಪೀಕ್ ಡಿಸ್ಟ್ರಿಕ್ಟಿನ ಬ್ಲೀಕ್ಲೋ. ಎತ್ತರ 633 ಮೀಟರ್. ದೂರದಿಂದ ಗುರುತು ಹಿಡಿಯೋಣವೆಂದರೆ ಕುದುರೆಮುಖದ ಹಾಗೆ ಇದಕ್ಕೆ ಮುಖವೂ ಇಲ್ಲ, ಮೂಗೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಕಪ್ಪು ಪೀಟ್ ಮಣ್ಣು, ಅದನ್ನು ಸೀಳಿದ ಆಳೆತ್ತರದ ಕೊರಕಲುಗಳು. ತುದಿ ಎಂಬುದು ಒಂದು ಕಲ್ಲುಗುಡ್ಡೆ. 1948ರ ನವೆಂಬರಿನಲ್ಲಿ ಅಮೆರಿಕದ ಬಿ-29 ವಿಮಾನ ಮೋಡದೊಳಗೆ ಇಲ್ಲಿಗೆ ಬಡಿದು 13 ಮಂದಿ ಸತ್ತರು. ಅದರ ಚೂರುಗಳು ಇಂದಿಗೂ ಅಲ್ಲೇ ಬಿದ್ದಿವೆ.

ಅದನ್ನು ನೋಡಲೆಂದೇ ಭಾವಮೈದುನನನ್ನು ಕರೆದುಕೊಂಡು ಸ್ನೇಕ್ ಪಾಸ್ ರಸ್ತೆಯಿಂದ ಉತ್ತರಕ್ಕೆ ಹೊರಟೆ. ಹೋಗುವಾಗ ಬಯಲು ತಿಳಿಯಾಗಿತ್ತು, ದಿಕ್ಸೂಚಿ ಜೇಬಿನಲ್ಲೇ ಉಳಿಯಿತು. ವಿಮಾನದ ಬಳಿ ಬುತ್ತಿ ಬಿಚ್ಚುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತು. ದಕ್ಷಿಣಕ್ಕೆ ಗುರಿ ಹಿಡಿದೆ. ಮುಂದೊಂದು ಹುಲ್ಲುಗಂಟು ನೋಡಿಕೊಳ್ಳುವುದು, ಅಲ್ಲಿಗೆ ಹೋಗುವುದು, ಮತ್ತೊಂದನ್ನು ನೋಡಿಕೊಳ್ಳುವುದು. ನನ್ನ ಲೆಕ್ಕಕ್ಕೆ ಅರವತ್ತೈದು ಜೋಡಿ ಹೆಜ್ಜೆಗೆ ನೂರು ಮೀಟರ್. ಕೊರಕಲು ಇಳಿದು ಹತ್ತಿದರೆ ಅಷ್ಟಕ್ಕೇ ತೊಂಬತ್ತು ಜೋಡಿ.

ಹತ್ತು ನಿಮಿಷ ಕಳೆದ ಮೇಲೆ ಅವನು ನಿಂತ. "ಭಾವ, ಬರುವಾಗಲೂ ಗಾಳಿ ಎಡಗೆನ್ನೆಗೇ ಹೊಡೆಯುತ್ತಿತ್ತಲ್ಲವೇ?"

ಹೌದು. ಪಡುವಣ ಗಾಳಿ. ಹಿಂದಿರುಗುವಾಗ ಅದು ಬಲಗೆನ್ನೆಗೆ ಬಡಿಯಬೇಕಿತ್ತು. ಮೊಬೈಲ್ ತೆಗೆದರೆ ಮಳೆಹನಿಗಳನ್ನು ಅದು ಬೆರಳೆಂದೇ ತಿಳಿದು ನಕ್ಷೆಯನ್ನು ತಾನೇ ಹಿಗ್ಗಿಸಿ ಕುಗ್ಗಿಸುತ್ತಿತ್ತು. ಅಂಗಿಯೊಳಗೆ ತಲೆ ತೂರಿಸಿ ನೋಡಿದೆ. ನೀಲಿ ಚುಕ್ಕೆ ವಿಮಾನದಿಂದ ನಾನೂರು ಮೀಟರ್ ಉತ್ತರಕ್ಕಿತ್ತು.

ಕಳ್ಳ ಸಿಕ್ಕಿದ್ದು ಮನೆಗೆ ಬಂದ ಮೇಲೆ. ಮೊಬೈಲ್ ಕವರಿನಲ್ಲೊಂದು ಅಯಸ್ಕಾಂತವಿತ್ತು. ದಿನವಿಡೀ ಒಂದೇ ಜೇಬಿನಲ್ಲಿ ಅದರ ಪಕ್ಕ ಮಲಗಿದ್ದ ಮುಳ್ಳಿನ ಧ್ರುವಗಳು ಅದಲುಬದಲಾಗಿದ್ದವು. ಮುಳ್ಳು ಅಂಟಿಕೊಂಡಿರಲಿಲ್ಲ, ನಡುಗುತ್ತಿರಲಿಲ್ಲ. ಪೂರ್ತಿ ಆತ್ಮವಿಶ್ವಾಸದಿಂದ ಸುಳ್ಳು ಹೇಳುತ್ತಿತ್ತು. ಸಿಟ್ಟು ಬಂದದ್ದು ಅದಕ್ಕೇ. ಕೆಟ್ಟದ್ದು ಕೆಟ್ಟಂತೆ ಕಾಣಬೇಡವೇ?

ಹಾಗಾದರೆ ಮೊಬೈಲೇ ಮೇಲಲ್ಲವೇ? ಎಲ್ಲಿದ್ದೇನೆ ಎಂದು ಅದರಷ್ಟು ಬೇಗ ಯಾವುದೂ ಹೇಳದು, ಒಪ್ಪಿದೆ. ಆದರೆ ಕೈಗವಸು ತೆಗೆಯಬೇಕು, ಹನಿ ಒರೆಸಬೇಕು, ಚಳಿಗೆ ಬ್ಯಾಟರಿ ಇಳಿಯುವುದನ್ನು ನೋಡುತ್ತಿರಬೇಕು. ಚುಕ್ಕೆಯನ್ನೇ ನೋಡುತ್ತಾ ನಡೆದವನು ಕೊರಕಲಿಗೆ ಬೀಳುತ್ತಾನೆ. ನಾನು ಬಿದ್ದಿದ್ದೇನೆ.

ಗೆಳೆಯನಿಂದ ಎರವಲು ತಂದ ಜಿಪಿಎಸ್ ಯಂತ್ರ ಗಟ್ಟಿ, ಗುಂಡಿಗಳು ಗವಸಿಗೂ ಸಿಗುತ್ತವೆ. ಪರದೆ ಮಾತ್ರ ಬೀಗದ ಕಿಂಡಿಯಷ್ಟು. ವರ್ಷಕ್ಕೆ ಆರು ಬಾರಿ ಹೋಗುವವನು ಇನ್ನೂರು ಪೌಂಡ್ ಕೊಟ್ಟು ಕಿಂಡಿ ಕೊಳ್ಳಬೇಕೇ?

ನಾನು ಇನ್ನೊಂದು ದಿಕ್ಸೂಚಿಯನ್ನೇ ಕೊಂಡೆ. ಅದು ಕೊರಳಿನಲ್ಲಿ, ಮೊಬೈಲ್ ಚೀಲದ ತಳದಲ್ಲಿ. ಹಳೆಯದನ್ನು ಭಾವಮೈದುನ ಶಿವಮೊಗ್ಗಕ್ಕೆ ಒಯ್ದ, "ದಕ್ಷಿಣಸೂಚಿ" ಎಂದು ಎಲ್ಲರಿಗೂ ತೋರಿಸುತ್ತಾನಂತೆ.