ನಾಲ್ಕು ರವಿವಾರಗಳ ಯುದ್ಧಕಾವ್ಯ ತರಗತಿ: ರನ್ನನಿಗಾಗಿಯಾದರೂ ಹೋಗಬೇಕು

ಧಾರವಾಡದ ಸಪ್ತಾಪುರದಲ್ಲಿ, ಮನೆಯೊಂದರ ಮಾಳಿಗೆಯ ಮೇಲೆ ನಾಲ್ಕು ರವಿವಾರ ನಡೆದ ಕಾವ್ಯ ತರಗತಿಗೆ 800 ರೂಪಾಯಿ ಕೊಟ್ಟು ಸೇರಿದ್ದೆ. ಹರೆಯದ ಸೈನಿಕರ ಸಾವನ್ನು ಬೇರೆ ಬೇರೆ ಕಾಲದ ಕವಿಗಳು ಹೇಗೆ ಕಂಡಿದ್ದಾರೆಂಬುದು ಅದರ ವಿಷಯ.

ಮೊದಲ ವಾರ ಮೊದಲನೆಯ ಮಹಾಯುದ್ಧದ ಇಂಗ್ಲಿಷ್ ಕವಿ ರೂಪರ್ಟ್ ಬ್ರೂಕ್. ಪರನೆಲದ ಮೂಲೆಯಲ್ಲಿ ತಾನು ಮಣ್ಣಾದರೆ ಆ ಮಣ್ಣೇ ಇಂಗ್ಲೆಂಡಾಗುತ್ತದೆ ಎನ್ನುವ ಅವನ 1914ರ ಸಾನೆಟ್ಟಿನಲ್ಲಿ ಸಾವಿದೆ, ಗಾಯವಿಲ್ಲ. ಇಷ್ಟು ಹೇಳಲು ಎರಡು ಗಂಟೆ ಬೇಕಿರಲಿಲ್ಲ. ಎರಡನೆಯ ವಾರ ಅದೇ ಯುದ್ಧದ ಇನ್ನೊಬ್ಬ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್. ದನಗಳಂತೆ ಸಾಯುವ ಹುಡುಗರಿಗೆ ಚರ್ಚಿನ ಗಂಟೆಯಿಲ್ಲ, ಬಂದೂಕಿನ ಸದ್ದೇ ಪ್ರಾರ್ಥನೆ ಎಂದು 1917ರಲ್ಲಿ ಬರೆದ ಅವನು, ಕದನವಿರಾಮಕ್ಕೆ ಸರಿಯಾಗಿ ಒಂದು ವಾರವಿರುವಾಗ, 1918ರ ನವೆಂಬರ್ 4ರಂದು, 25ರ ಹರೆಯದಲ್ಲಿ ಸತ್ತ. ಪದ್ಯದ ಕೊನೆಯಲ್ಲಿ ಮುಸ್ಸಂಜೆಗೆ ಕಿಟಕಿಯ ಪರದೆ ಇಳಿಸುವ ಮಾತು ಬರುತ್ತದೆ. ಸಾವಾದ ಮನೆಯಲ್ಲಿ ಹಾಗೆ ಮಾಡುವ ಅಲ್ಲಿನ ರೂಢಿಯನ್ನು ಉಪನ್ಯಾಸಕರು ವಿವರಿಸಿದ ಮೇಲೆಯೇ ಆ ಸಾಲು ನನಗೆ ತೆರೆದುಕೊಂಡಿತು.

ಕೊಟ್ಟ ಹಣ ಸಂದದ್ದು ಮೂರನೆಯ ವಾರ. ರನ್ನನ ಗದಾಯುದ್ಧದಲ್ಲಿ ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ಶವದೆದುರು ನಿಂತು, ವೈರಿಯ ಮಗನೆಂಬುದನ್ನು ಬದಿಗಿಟ್ಟು, ನಿನ್ನ ಸಾಹಸದ ಒಂದಂಶಕ್ಕೆ ತಕ್ಕ ಮರಣವಾದರೂ ನನಗಿರಲಿ ಎಂದು ಬೇಡಿಕೊಳ್ಳುತ್ತಾನೆ. ಅನಂತರ ಸ್ವಂತ ಮಗ ಲಕ್ಷಣಕುಮಾರನ ಹೆಣ. ಮಗ ತಂದೆಗೆ ತರ್ಪಣದ ನೀರು ಬಿಡುವುದು ಕ್ರಮ, ಈಗ ತಂದೆಯೇ ಮಗನಿಗೆ ಬಿಡಬೇಕಾಯಿತಲ್ಲ ಎಂಬ ಆ ಅಳಲನ್ನು ಕಾಲೇಜಿನಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ್ದೆ. ಓವೆನ್ನನ ಪಕ್ಕದಲ್ಲಿಟ್ಟು ಓದಿದಾಗ ಬೇರೆಯೇ ಕೇಳಿಸಿತು. ಓವೆನ್ನನ ಹುಡುಗರಿಗೆ ಹೆಸರಿಲ್ಲ, ಅವರನ್ನು ಯುದ್ಧಕ್ಕೆ ಕಳಿಸಿದವನೂ ಪದ್ಯದೊಳಗಿಲ್ಲ. ರನ್ನನಲ್ಲಿ ಅಳುವವನೇ ಯುದ್ಧ ಬೇಕೆಂದವನು. ಹೀಗಾಗಿ ನನ್ನ ಮಟ್ಟಿಗೆ ರನ್ನನೇ ಹೆಚ್ಚು ಕಠೋರ. ಉಪನ್ಯಾಸಕರು ಇದನ್ನು ಒಪ್ಪಲಿಲ್ಲ, ಆದರೆ ವಾದಿಸಲು ಬಿಟ್ಟರು.

ಕೊರತೆಗಳೂ ಇವೆ. ಹಳಗನ್ನಡ ಪದ್ಯಗಳ ಝೆರಾಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳು ಕಾಣುತ್ತಿರಲಿಲ್ಲ. ನಾಲ್ಕನೆಯ ವಾರ ಹಾನಗಲ್ಲಿಗೆ ಕರೆದೊಯ್ದು ವೀರಗಲ್ಲು ತೋರಿಸುವುದಾಗಿ ಹೇಳಿದ್ದವರು ಗೋಡೆಯ ಮೇಲೆ ಚಿತ್ರ ತೋರಿಸಿ ಮುಗಿಸಿದರು. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಎಂಬ ಆ ಪಟ್ಟಿಕೆಗಳಲ್ಲಿ ತಂದೆತಾಯಿಗೆ ಜಾಗವೆಲ್ಲಿ ಎಂದು ಗದುಗಿನಿಂದ ಬರುತ್ತಿದ್ದ ಹಿರಿಯರೊಬ್ಬರು ಕೇಳಿದ ಪ್ರಶ್ನೆ, ಅಂದಿನ ಉಪನ್ಯಾಸಕ್ಕಿಂತ ತೂಕದ್ದಾಗಿತ್ತು.

ಇನ್ನೊಂದು ಆಕ್ಷೇಪ. ಕುಮಾರವ್ಯಾಸನ ಊರಾದ ಕೋಳಿವಾಡಕ್ಕೂ ಅವನು ಭಾರತ ಬರೆದನೆನ್ನುವ ಗದುಗಿನ ವೀರನಾರಾಯಣ ಗುಡಿಗೂ ಇಷ್ಟು ಹತ್ತಿರ ಕುಳಿತು ಅಭಿಮನ್ಯುವಿನ ಸಾವನ್ನು ಓದುವಾಗ ಕುಮಾರವ್ಯಾಸನ ಒಂದು ಷಟ್ಪದಿಯೂ ಬರಲಿಲ್ಲ. ಕೇಳಿದರೆ ಸಮಯ ಸಾಲಲಿಲ್ಲವೆಂದರು. ಬ್ರೂಕನಿಗೆ ಕೊಟ್ಟ ಎರಡು ಗಂಟೆಯಲ್ಲಿ ಒಂದನ್ನು ಉಳಿಸಿದ್ದರೆ ಸಾಲುತ್ತಿತ್ತು.