ಹೆಬ್ಬೆರಳಿನ ಮಾನಿಟರ್: ನಾಲ್ಕು ವರ್ಷ ಬಳಸಿದ ಮೇಲೆ

ಆಪರೇಷನ್‌ಗೆ ಕೊಟ್ಟ ಸ್ನಾಯು ಸಡಿಲಿಸುವ ಮದ್ದು ಎಷ್ಟು ಇಳಿದಿದೆ ಎಂದು ಹೆಬ್ಬೆರಳಿನ ಕುಣಿತ ನೋಡಿ ಅಳೆಯುವ ಪೆಟ್ಟಿಗೆ ಇದು. ಮೊದಲೇ ಹೇಳಿಬಿಡುತ್ತೇನೆ, ಇದರ ವೈರ್ ದರಿದ್ರ. ಹೆಬ್ಬೆರಳಿಗೆ ಅಂಟಿಸುವ ಸೆನ್ಸರ್‌ನ ಬುಡದಲ್ಲಿ, ಸರಿಯಾಗಿ ಮಡಚುವ ಜಾಗದಲ್ಲೇ ಒಳಗೊಳಗೆ ತುಂಡಾಗುತ್ತದೆ. ನಾಲ್ಕು ವರ್ಷದಲ್ಲಿ ಮೂರು ಸಲ ಬದಲಾಯಿಸಿದ್ದೇನೆ. ಫೋನ್ ಮಾಡಿದರೆ "ಸ್ಟಾಕ್ ಬರಬೇಕು ಮೇಡಂ" ಅನ್ನುತ್ತಾರೆ. ಕಳೆದ ಸಲ ಆ ಸ್ಟಾಕ್ ಬರಲು ಏಳು ವಾರ ಹಿಡಿಯಿತು. ಕಂಪನಿ ಹೆಸರು ಬೇಡ ಬಿಡಿ.

ನಾನು ಊರಿನ ನಾಲ್ಕೈದು ನರ್ಸಿಂಗ್ ಹೋಮ್‌ಗಳಿಗೆ ಅನಸ್ತೇಶಿಯಾ ಕೊಡಲು ಓಡಾಡುವವಳು. ಕಾರಿನ ಹಿಂದಿನ ಸೀಟಿನಲ್ಲಿರುವ ಬ್ಯಾಗೇ ನನ್ನ ಡಿಪಾರ್ಟ್‌ಮೆಂಟ್. ಈ ಮಾನಿಟರ್ ಕೊಂಡಿದ್ದೂ ಸ್ವಂತ ದುಡ್ಡಲ್ಲಿ. "ಇಷ್ಟಕ್ಕೆ ಒಂದು ಸ್ಕೂಟರ್ ಬರ್ತಿತ್ತಲ್ವಾ?" ಎಂದು ಮನೆಯವರು ಈಗಲೂ ಕೇಳುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲವಾಗುವ ಮದ್ದು ಕೊಡುತ್ತೇವೆ. ಆಗ ಉಸಿರಾಟದ ಸ್ನಾಯುಗಳೂ ಕೆಲಸ ನಿಲ್ಲಿಸುತ್ತವೆ, ಗಂಟಲಿಗೆ ಹಾಕಿದ ಟ್ಯೂಬ್ ಮೂಲಕ ಉಸಿರು ಕೊಡುವ ಹೊಣೆ ನಮ್ಮದು. ಕೊನೆಯಲ್ಲಿ ಆ ಮದ್ದು ಪೂರ್ತಿ ಇಳಿದಿದೆಯಾ ಅನ್ನುವುದೇ ಪ್ರಶ್ನೆ. ಈ ಪೆಟ್ಟಿಗೆ ಮಣಿಕಟ್ಟಿನ ನರಕ್ಕೆ ಅರ್ಧ ಸೆಕೆಂಡಿಗೊಂದರಂತೆ ನಾಲ್ಕು ಸಲ ಸಣ್ಣಗೆ ಕರೆಂಟ್ ಮುಟ್ಟಿಸುತ್ತದೆ. ಹೆಬ್ಬೆರಳು ನಾಲ್ಕು ಸಲ ಕುಣಿಯುತ್ತದೆ. ಮೊದಲ ಕುಣಿತಕ್ಕೆ ಹೋಲಿಸಿದರೆ ನಾಲ್ಕನೆಯದು ಎಷ್ಟಿದೆ ಅನ್ನುವುದೇ ಟಿಒಎಫ್ (ಟ್ರೇನ್ ಆಫ್ ಫೋರ್, ಅಂದರೆ ನಾಲ್ಕರ ಸಾಲು) ಅನುಪಾತ. ನನ್ನ ಗುರುಗಳ ಕಾಲದಲ್ಲಿ 0.7 ಬಂದರೆ ಸಾಕಾಗಿತ್ತು. ಈಗ 0.9 ಆಗದೆ ಟ್ಯೂಬ್ ತೆಗೆಯುವಂತಿಲ್ಲ. 2023ರಲ್ಲಿ ಅಮೆರಿಕದ ಅನಸ್ತೇಶಿಯಾ ವೈದ್ಯರ ಸಂಘ ಕೂಡ ಕಣ್ಣಂದಾಜು ಬೇಡ, ಅಳೆದೇ ನೋಡಿ ಎಂದು ಶಿಫಾರಸು ಮಾಡಿತು.

ಕಣ್ಣಂದಾಜಿನಲ್ಲಿ ನಾನು ಬಲು ಗಟ್ಟಿಗಿತ್ತಿ ಎಂದುಕೊಂಡಿದ್ದೆ. ತಲೆ ಎತ್ತಿ ಅಂದರೆ ಎತ್ತಿದರು, ಕೈ ಹಿಡಿಯಿರಿ ಅಂದರೆ ಹಿಡಿದರು, ಸರಿ, ಟ್ಯೂಬ್ ತೆಗೆಯೋಣ. ಹಾಗೆ ತೆಗೆದ ಒಬ್ಬರಿಗೆ ಒಂದು ಸಲ ರಿಕವರಿ ರೂಮಿನಲ್ಲಿ ಆಕ್ಸಿಜನ್ 84ಕ್ಕೆ ಇಳಿದಿತ್ತು. ಮಾಸ್ಕ್ ಹಿಡಿದು ಉಸಿರು ಕೊಟ್ಟು ಉಳಿಸಿಕೊಂಡೆವು. ನೋವಿನ ಮದ್ದಿನ ಮಂಪರು ಎಂದು ಕೇಸ್‌ಶೀಟಿನಲ್ಲಿ ಬರೆದೆ. ಮಾನಿಟರ್ ಕೊಂಡು ಎರಡನೇ ವಾರ, ಪಿತ್ತಕೋಶದ ಆಪರೇಷನ್ ಆದ ಅಜ್ಜಿಯೊಬ್ಬರು ಚೆನ್ನಾಗಿ ಉಸಿರಾಡುತ್ತಿದ್ದರು, ತಲೆಯನ್ನೂ ಎತ್ತಿದರು. ಪೆಟ್ಟಿಗೆಯಲ್ಲಿ 0.62. ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡು ಎಲೆಕ್ಟ್ರೋಡ್ ಬದಲಾಯಿಸಿದೆ. 0.64. ಮತ್ತೆ ನಿದ್ದೆ ಕೊಟ್ಟು ಕಾಲು ಗಂಟೆ ಕಾದೆ. ಅವತ್ತು ರಾತ್ರಿ ಆ 84 ಜ್ಞಾಪಕಕ್ಕೆ ಬಂತು. ಅದು ಮಂಪರಾಗಿರಲಿಲ್ಲ. ಅನುಪಾತ 0.4 ದಾಟಿತೆಂದರೆ ಮೊದಲ ಕುಣಿತಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸ ಕಣ್ಣಿಗೂ ಕಾಣದು, ಕೈಗೂ ಸಿಗದು.

ಈಗ ಇದೊಂದು ನಿತ್ಯಪೂಜೆಯ ಹಾಗಾಗಿದೆ. ಬಿಪಿ ಪಟ್ಟಿ ಇನ್ನೊಂದು ಕೈಗೆ. ಈ ಕೈಯ ಮಣಿಕಟ್ಟನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಕಿರುಬೆರಳಿನ ಕಡೆಗೆ ಎರಡು ಮಾಮೂಲಿ ಇಸಿಜಿ ಎಲೆಕ್ಟ್ರೋಡ್ ಅಂಟಿಸುತ್ತೇನೆ. ದುಬಾರಿ ಪಟ್ಟಿ ಏನೂ ಬೇಕಿಲ್ಲ, ಇದು ನನಗೆ ತುಂಬಾ ಇಷ್ಟವಾದ ವಿಷಯ. ಉಳಿದ ಬೆರಳುಗಳಿಗೆ ಟೇಪ್. ಎಸಿಯಲ್ಲಿ ಕೈ ತಣ್ಣಗಾದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಮೊಣಕೈವರೆಗೆ ಹತ್ತಿ ಸುತ್ತುತ್ತೇನೆ. ರೋಗಿಗೆ ನಿದ್ದೆ ಬಂದ ಮೇಲೆ, ಸಡಿಲಿಸುವ ಮದ್ದು ಕೊಡುವ ಮುಂಚೆ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಆ ಹೆಬ್ಬೆರಳಿನ ಮಾಮೂಲಿ ಕುಣಿತ ಎಷ್ಟೆಂದು ಪೆಟ್ಟಿಗೆಗೆ ಗುರುತು ಹಿಡಿಸಬೇಕು. ಅದಕ್ಕೆ ಅರ್ಧ ನಿಮಿಷ. ಮೊದಮೊದಲು ಅದನ್ನೂ ಬಿಟ್ಟುಬಿಡುತ್ತಿದ್ದೆ. ಕೊನೆಗೆ 1.12 ಅಂತೆಲ್ಲ ತೋರಿಸುತ್ತಿತ್ತು. ಅಲುಗಾಟದ ವೇಗ ಎಷ್ಟು ಬೇಗ ಏರುತ್ತದೆ ಎಂದು ಅಳೆಯುವ ಇಂಥ ಯಂತ್ರಗಳು ಹೀಗೆ ಒಂದನ್ನು ದಾಟುವುದುಂಟು. ಹಾಗಾಗಿ ನಾನು 0.9ಕ್ಕೆ ಖುಷಿಪಡುವುದಿಲ್ಲ, 1.0 ಬರಲಿ ಅನ್ನುತ್ತೇನೆ.

ಸಡಿಲಿಕೆಯನ್ನು ಬೇಗ ಇಳಿಸುವ ಸುಗಮಾಡೆಕ್ಸ್ ಎಂಬ ಮದ್ದು ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಒಳ್ಳೆ ಮದ್ದು, ಒಪ್ಪುತ್ತೇನೆ. ಆದರೆ ಅದು ರೋಕುರೋನಿಯಂ, ವೆಕುರೋನಿಯಂ ಎಂಬ ಸಡಿಲಿಸುವ ಮದ್ದುಗಳನ್ನು ಮಾತ್ರ ಹಿಡಿಯುತ್ತದೆ. ನಾನು ಜಾಸ್ತಿ ಕೊಡುವುದು ಅಟ್ರಾಕುರಿಯಂ. ಅದು ರಕ್ತದಲ್ಲಿ ತಾನಾಗಿಯೇ ಒಡೆದುಹೋಗುತ್ತದೆ, ಕಿಡ್ನಿ ಸರಿಯಿಲ್ಲದವರಿಗೂ ನಡೆಯುತ್ತದೆ, ನಮ್ಮ ರೋಗಿಗಳ ಜೇಬಿಗೂ ಭಾರವಲ್ಲ. ಅದನ್ನು ಇಳಿಸುವ ಮದ್ದು, ಅಂದರೆ ರಿವರ್ಸಲ್, ಹಳೇ ನಿಯೋಸ್ಟಿಗ್ಮಿನ್, ಜೊತೆಗೆ ಎದೆಬಡಿತ ಕುಗ್ಗದಿರಲೆಂದು ಗ್ಲೈಕೋಪೈರೋಲೇಟ್. ಮದ್ದಿನ ಹಿಡಿತ ಬಿಗಿಯಾಗಿರುವಾಗ ನಿಯೋಸ್ಟಿಗ್ಮಿನ್ ಎಷ್ಟು ಸುರಿದರೂ ಪ್ರಯೋಜನವಿಲ್ಲ. ನಾಲ್ಕೂ ಕುಣಿತ ಕಾಣುವವರೆಗೆ ಕಾಯಬೇಕು, ಕೊಟ್ಟ ಮೇಲೂ ಹತ್ತು ನಿಮಿಷ ಕಾಯಬೇಕು. ಹಾಗಾಗಿ ದುಡ್ಡಿಲ್ಲದ ಕಡೆಯೇ ಈ ಪೆಟ್ಟಿಗೆ ಜಾಸ್ತಿ ಬೇಕು. ತಮಾಷೆ ಎಂದರೆ ನಾನು ನೋಡಿದಂತೆ ಇದು ಇರುವುದು ದುಡ್ಡಿರುವ ಕಡೆ.

ಸರ್ಜನ್‌ಗಳ ಜೊತೆ ಜಗಳವೂ ಕಡಿಮೆಯಾಗಿದೆ. "ಹೊಟ್ಟೆ ಟೈಟ್ ಇದೆ ಮೇಡಂ, ಇನ್ನೊಂಚೂರು ಕೊಡಿ" ಎಂದಾಗ ಮೊದಲು ಸುಮ್ನೆ ಟಾಪ್‌ಅಪ್ ಹಾಕುತ್ತಿದ್ದೆ. ಈಗ ನೋಡಿ ಕೊಡುತ್ತೇನೆ. ಹೆಬ್ಬೆರಳು ಸತ್ತಂತೆ ಬಿದ್ದಿದ್ದರೂ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಬೇಗ ಎಚ್ಚರವಾಗುತ್ತದೆ, ಅವರ ದೂರಿನಲ್ಲೂ ಕೆಲವು ಸಲ ನಿಜವಿರುತ್ತದೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬೈಗುಳ ಬಾಕಿ ಇದೆ. ನನ್ನ ಅರ್ಧಕ್ಕರ್ಧ ಕೇಸು ಲ್ಯಾಪ್ರೋಸ್ಕೋಪಿ. ಅದರಲ್ಲಿ ಕೈಗಳನ್ನು ಮೈಗೆ ಒತ್ತಿಸಿ ಬಟ್ಟೆ ಸುತ್ತುತ್ತಾರೆ. ಹೆಬ್ಬೆರಳು ಕುಣಿಯುವುದೆಲ್ಲಿಂದ? ಬಾಯಿಗೆ ಬಂದ ನಂಬರ್ ತೋರಿಸುತ್ತದೆ. ಹುಬ್ಬಿನ ಮೇಲೆ ಅಂಟಿಸಿ ಎಂದರು ಒಬ್ಬರು. ಅಲ್ಲಿನ ಸ್ನಾಯು ಹೆಬ್ಬೆರಳಿಗಿಂತ ಮುಂಚೆ ಚೇತರಿಸಿಕೊಳ್ಳುತ್ತದೆ, ಅದನ್ನು ನಂಬಿ ಟ್ಯೂಬ್ ತೆಗೆದರೆ ಮತ್ತೆ 84ರ ಕಥೆಯೇ. ಒಂದು ವರ್ಷ ಇದೇ ಸಿಟ್ಟಿನಲ್ಲಿ ಲ್ಯಾಪ್ರೋಸ್ಕೋಪಿ ದಿನ ಪೆಟ್ಟಿಗೆಯನ್ನು ಕಾರಿನಲ್ಲೇ ಬಿಡುತ್ತಿದ್ದೆ.

ಉಪಾಯ ಹೇಳಿದ್ದು ಥಿಯೇಟರ್ ಸಿಸ್ಟರ್. ಖಾಲಿ ಸಲೈನ್ ಬಾಟಲಿಯನ್ನು ಉದ್ದಕ್ಕೆ ಸೀಳಿ, ಅಂಚಿಗೆಲ್ಲ ದಪ್ಪಗೆ ಹತ್ತಿ ಮತ್ತು ಟೇಪ್ ಸುತ್ತಿ, ಕೈಮೇಲೆ ಬೋರಲು ಹಾಕಿದರು. ಅದರ ಮೇಲೆ ಬಟ್ಟೆ. ಒಳಗೆ ಹೆಬ್ಬೆರಳಿಗೆ ಗೂಡಿನಂಥ ಜಾಗ. ನಂಬರ್ ನೆಟ್ಟಗಾಯಿತು. ವೈರ್ ಕೂಡ ಅಲ್ಲಿ ಮಡಚಿಕೊಳ್ಳುವುದಿಲ್ಲ, ಮೂರನೆಯದು ಹದಿನಾಲ್ಕು ತಿಂಗಳಿಂದ ಗಟ್ಟಿಯಾಗಿದೆ. "ಗೂಡು ಇಡ್ಲಾ ಮೇಡಂ?" ಎಂದು ಈಗ ಅವರೇ ಕೇಳುತ್ತಾರೆ.

ಬೆರಳು ಕುಣಿಯದಿದ್ದರೂ ಸ್ನಾಯುವಿನ ಕರೆಂಟನ್ನೇ ಅಳೆಯುವ ಇಎಂಜಿ ಮಾದರಿ ತೋರಿಸಲು ಮೊನ್ನೆ ಒಬ್ಬರು ಬಂದಿದ್ದರು. ಚೆನ್ನಾಗಿತ್ತು. ಆದರೆ ಪ್ರತಿ ರೋಗಿಗೂ ಅವರದೇ ಹೊಸ ಪಟ್ಟಿ ಬೇಕಂತೆ. ತಿಂಗಳಿಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಕಾಫಿ ಕೊಟ್ಟು ಕಳಿಸಿದೆ.