80 ಡಾಲರಿನ ನ್ಯಾಷನಲ್ ಪಾರ್ಕ್ ಪಾಸ್: ಯಾರಿಗೆ ಲಾಭ, ಎಲ್ಲಿ ನಡೆಯಲ್ಲ

ನಯಾಗರಾ ನೋಡೋಕೆ ಅಂತ ಅಮೆರಿಕದ ಕೇಂದ್ರ ಸರ್ಕಾರದ ‘ಅಮೆರಿಕ ದ ಬ್ಯೂಟಿಫುಲ್’ ಅನ್ನುವ ವಾರ್ಷಿಕ ಪಾಸ್ ತಗೊಂಡರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅದು ನ್ಯೂಯಾರ್ಕ್ ರಾಜ್ಯದ ಪಾರ್ಕು, ಈ ಪಾಸಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಯೂಟಾದ ಐದು ಪಾರ್ಕುಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವವರು ಪಾಸ್ ಇಲ್ಲದೆ ಹೊರಟರೆ 70 ಡಾಲರ್ ಸುಮ್ಮನೆ ಕಳೆದುಕೊಳ್ಳುತ್ತಾರೆ. ಪಾಸ್ ಒಳ್ಳೆಯದೇ. ಆದರೆ ಅದು ಯಾವ ಗೇಟು ತೆರೆಯುತ್ತದೆ, ಯಾವುದನ್ನು ತೆರೆಯುವುದಿಲ್ಲ ಅನ್ನುವುದು ಕಾರ್ಡಿನ ಮೇಲಿನ ಚಂದದ ಚಿತ್ರ ನೋಡಿದರೆ ಗೊತ್ತಾಗುವುದಿಲ್ಲ.

ಇದು ಬರೀ ನ್ಯಾಷನಲ್ ಪಾರ್ಕಿನ ಪಾಸ್ ಅಲ್ಲ. 2004ರ ಕಾನೂನಿನ ಅಡಿಯಲ್ಲಿ 2007ರಲ್ಲಿ ಶುರುವಾದ ಈ ಪಾಸನ್ನು ಈಗ ಕೇಂದ್ರ ಸರ್ಕಾರದ ಆರು ಇಲಾಖೆಗಳು ಒಪ್ಪುತ್ತವೆ: ನ್ಯಾಷನಲ್ ಪಾರ್ಕ್ ಸರ್ವಿಸ್, ಫಾರೆಸ್ಟ್ ಸರ್ವಿಸ್, ಫಿಶ್ ಆಂಡ್ ವೈಲ್ಡ್‌ಲೈಫ್ ಸರ್ವಿಸ್, ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಬ್ಯೂರೋ ಆಫ್ ರೆಕ್ಲಮೇಷನ್, ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಎಲ್ಲ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜಾಗ. ಫಾರೆಸ್ಟ್ ಸರ್ವಿಸ್ಸಿನ ಟ್ರೇಲ್ (ಚಾರಣದ ಹಾದಿ) ಪಾರ್ಕಿಂಗಿಗೆ ಪ್ರತಿ ಸಲ ಐದೈದು ಡಾಲರ್ ಕಟ್ಟುವ ವಾಷಿಂಗ್ಟನ್, ಆರೆಗಾನ್ ಕಡೆಯವರು ಈ ಭಾಗವನ್ನು ಮರೆತೇಬಿಡುತ್ತಾರೆ. ಅಲ್ಲಿನ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬದಲಿಗೆ ಇದನ್ನೇ ಇಡಬಹುದು.

ಲೆಕ್ಕಕ್ಕೆ ಬರೋಣ. ದೊಡ್ಡ ಪಾರ್ಕುಗಳಲ್ಲಿ ಒಂದು ಕಾರಿಗೆ ಏಳು ದಿನಕ್ಕೆ 35 ಡಾಲರ್: ಯೆಲ್ಲೋಸ್ಟೋನ್, ಗ್ರ್ಯಾಂಡ್ ಟೀಟನ್, ಗ್ರ್ಯಾಂಡ್ ಕ್ಯಾನಿಯನ್, ಜಾಯನ್, ಬ್ರೈಸ್, ಯೊಸೆಮಿಟಿ ಎಲ್ಲ ಇದೇ ದರ. ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ 30, ಕ್ಯಾಪಿಟಲ್ ರೀಫ್ 20. ಯೂಟಾದ ಐದನ್ನೂ ಕೂಡಿದರೆ 150. ಆದರೆ ಯೆಲ್ಲೋಸ್ಟೋನ್ ಮತ್ತು ಟೀಟನ್ ಎರಡೇ ನೋಡಿ ವಾಪಸ್ ಬರುವವರಿಗೆ 70 ಡಾಲರಿನಲ್ಲಿ ಮುಗಿಯುತ್ತದೆ. ಆ ವರ್ಷ ಇನ್ನೆಲ್ಲೂ ಹೋಗುವುದಿಲ್ಲ ಅಂತ ಖಾತ್ರಿ ಇದ್ದರೆ ಪಾಸ್ ಬೇಡ. ಯೊಸೆಮಿಟಿಗೆ ಮತ್ತೆ ಮತ್ತೆ ಹೋಗುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದವರು ಅಲ್ಲಿನ 70 ಡಾಲರಿನ ವಾರ್ಷಿಕ ಪಾಸ್ ತಗೊಳ್ಳುವುದರಲ್ಲಿ ಅರ್ಥವಿಲ್ಲ; ಹತ್ತು ಡಾಲರ್ ಹೆಚ್ಚು ಕೊಟ್ಟರೆ ದೇಶವೆಲ್ಲ ಸುತ್ತಬಹುದು. ಮೊದಲ ಪಾರ್ಕಿನಲ್ಲಿ 35 ಕಟ್ಟಿದ ಮೇಲೆ ಮನಸ್ಸು ಬದಲಾದರೆ ರಸೀದಿ ಬಿಸಾಡಬೇಡಿ. ಅದರ ಏಳು ದಿನ ಮುಗಿಯುವುದರೊಳಗೆ ಅದೇ ಪಾರ್ಕಿನ ಗೇಟಿನಲ್ಲಿ ತೋರಿಸಿದರೆ, ಆ ಹಣ ಕಳೆದು ಉಳಿದದ್ದಕ್ಕೆ ವಾರ್ಷಿಕ ಪಾಸ್ ಕೊಡುವ ಪಾರ್ಕುಗಳಿವೆ. ಕೇಳಿದವರಿಗೆ ಮಾತ್ರ ಸಿಗುವ ಸೌಲಭ್ಯ ಅದು.

ಪಾಸ್ ನಡೆಯದ ಜಾಗಗಳ ವಿಷಯದಲ್ಲೇ ಹೆಚ್ಚು ಜನ ಗೇಟಿನಲ್ಲಿ ಪೆಚ್ಚಾಗುವುದು. ಅರಿಜೋನಾದ ಪೇಜ್ ಊರಿನ ಸುತ್ತಮುತ್ತ ನೋಡಿ. ಗ್ಲೆನ್ ಕ್ಯಾನಿಯನ್ ಕೇಂದ್ರ ಸರ್ಕಾರದ್ದು, ಪಾಸ್ ನಡೆಯುತ್ತದೆ. ಹತ್ತಿರದ ಹಾರ್ಸ್‌ಶೂ ಬೆಂಡಿನ ಪಾರ್ಕಿಂಗ್ ಪೇಜ್ ನಗರಸಭೆಯದು, ನಡೆಯಲ್ಲ. ಆಂಟಿಲೋಪ್ ಕ್ಯಾನಿಯನ್ ನವಾಹೋ ಬುಡಕಟ್ಟಿನ ನೆಲ, ಅದಕ್ಕೆ ಬೇರೆ ಫೀಸು, ಬೇರೆ ಗೈಡು. ಮಾನ್ಯುಮೆಂಟ್ ವ್ಯಾಲಿಯೂ ಅವರದೇ. ಒಂದೇ ದಿನದಲ್ಲಿ, ಒಂದೇ ಬಣ್ಣದ ಬಂಡೆಗಳ ನಡುವೆ ಮೂರು ಒಡೆಯರು. ಮೌಂಟ್ ರಶ್‌ಮೋರ್‌ಗೆ ಪ್ರವೇಶ ಫೀಸೇ ಇಲ್ಲ, ಇರುವುದು ಪಾರ್ಕಿಂಗ್ ಫೀಸು. ಅದಕ್ಕೆ ಪಾಸ್ ಒಪ್ಪುವುದಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್ ಕೂಡ ಹಾಗೆಯೇ. ಪ್ರವೇಶ ಉಚಿತ, ಆದರೆ 2023ರ ಮಾರ್ಚಿನಿಂದ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಿದರೆ ಪಾರ್ಕಿಂಗ್ ಟ್ಯಾಗ್ ಬೇಕು. ದಿನಕ್ಕೆ 5, ವಾರಕ್ಕೆ 15, ವರ್ಷಕ್ಕೆ 40 ಡಾಲರ್. ಅಟ್ಲಾಂಟಾ, ಶಾರ್ಲಟ್ ಕಡೆಯಿಂದ ವಾರಾಂತ್ಯಕ್ಕೆ ಅಲ್ಲಿಗೆ ಹೋಗುವ ಕುಟುಂಬಗಳು ಡ್ಯಾಶ್‌ಬೋರ್ಡ್ ಮೇಲೆ ಪಾಸ್ ಇಟ್ಟು ನಿಶ್ಚಿಂತೆಯಿಂದ ಟ್ರೇಲ್ ಹತ್ತಿದರೆ ವಾಪಸ್ ಬರುವಷ್ಟರಲ್ಲಿ ಗಾಜಿನ ಮೇಲೆ ದಂಡದ ಟಿಕೆಟ್ ಕಾದಿರಬಹುದು. ಲಿಬರ್ಟಿ ಪ್ರತಿಮೆ, ಆಲ್ಕಟ್ರಾಜ್ ಎರಡೂ ದೋಣಿಯ ಟಿಕೆಟ್. ಪಾಸಿಗೆ ಅಲ್ಲಿ ಕೆಲಸವಿಲ್ಲ. ರಾಜ್ಯ ಸರ್ಕಾರದ ಸ್ಟೇಟ್ ಪಾರ್ಕುಗಳಲ್ಲಿ, ಕ್ಯಾಲಿಫೋರ್ನಿಯಾ ಇರಲಿ ಟೆಕ್ಸಸ್ ಇರಲಿ, ಇದು ನಡೆಯುವುದಿಲ್ಲ. ಫಾರೆಸ್ಟ್ ಸರ್ವಿಸ್ಸಿನ ಜಾಗವನ್ನೇ ಗುತ್ತಿಗೆದಾರರು ನಡೆಸುತ್ತಿದ್ದರೆ ಅಲ್ಲೂ ಎಷ್ಟೋ ಸಲ ನಡೆಯಲ್ಲ.

ಇನ್ನೊಂದು ಗೊಂದಲ ಬುಕಿಂಗಿನದು. ಪಾಸ್ ಕೊಡುವುದು ಪ್ರವೇಶ ಫೀಸಿನ ವಿನಾಯಿತಿಯನ್ನು ಮಾತ್ರ. ರಾಕಿ ಮೌಂಟನ್‌ನಂಥ ಪಾರ್ಕಿನಲ್ಲಿ ಬೇಸಿಗೆಯಲ್ಲಿ ಒಳಗೆ ಹೋಗುವ ಹೊತ್ತನ್ನೇ ಮೊದಲು ಕಾದಿರಿಸಬೇಕು. ಅದಕ್ಕೆ 2 ಡಾಲರ್ ಬೇರೆ, ಪಾಸ್ ಇದ್ದರೂ. ಅಕೇಡಿಯಾದ ಕ್ಯಾಡಿಲಾಕ್ ಬೆಟ್ಟದ ರಸ್ತೆಗೆ ಕಾರಿಗೆ 6 ಡಾಲರ್, ಹವಾಯಿಯ ಹಲೆಯಾಕಲಾದ ಸೂರ್ಯೋದಯಕ್ಕೆ 1 ಡಾಲರ್. ಮೊತ್ತ ಸಣ್ಣದು, ಸಿಗುವುದು ಕಷ್ಟ. ಕ್ಯಾಂಪಿಂಗ್, ಗುಹೆಯೊಳಗಿನ ಟೂರ್, ಏಂಜಲ್ಸ್ ಲ್ಯಾಂಡಿಂಗ್‌ನಂಥ ಚಾರಣದ ಪರ್ಮಿಟ್ ಯಾವುದೂ ಪಾಸಿನಲ್ಲಿ ಸೇರಿಲ್ಲ. ಯಾವ ಪಾರ್ಕಿಗೆ ಬುಕಿಂಗ್ ಬೇಕು ಅನ್ನುವುದು ವರ್ಷ ವರ್ಷ ಬದಲಾಗುತ್ತದೆ, ಹೋದ ವರ್ಷ ಹೋಗಿ ಬಂದ ಗೆಳೆಯರ ಮಾತು ನಂಬಬೇಡಿ. ಮೊದಲು ಬುಕಿಂಗ್ ಸಿಕ್ಕಿತೋ ನೋಡಿ, ಆಮೇಲೆ ಪಾಸ್ ತಗೊಳ್ಳಿ. ಪಾಸಿನ ಹಣ ವಾಪಸ್ ಬರುವುದಿಲ್ಲ.

2026ರ ಜನವರಿ 1ರಿಂದ ಬಂದ ಬದಲಾವಣೆ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ಮನೆಗಳಿಗೆ ನೇರವಾಗಿ ತಟ್ಟುವಂಥದ್ದು. 80 ಡಾಲರಿನ ಪಾಸ್ ಈಗ ಅಮೆರಿಕದ ನಾಗರಿಕರಿಗೆ ಮತ್ತು ಇಲ್ಲೇ ವಾಸವಿರುವವರಿಗೆ ಮಾತ್ರ. ಹೊರದೇಶದಿಂದ ಬಂದವರಿಗೆ ಅದೇ ಪಾಸ್ 250 ಡಾಲರ್. ಪಾಸ್ ಇಲ್ಲದೆ ಬಂದ ಹೊರದೇಶದವರು ಹನ್ನೊಂದು ಪಾರ್ಕುಗಳಲ್ಲಿ ಮಾಮೂಲಿ ಫೀಸಿನ ಮೇಲೆ ತಲೆಗೆ 100 ಡಾಲರ್ ಕಟ್ಟಬೇಕು. 16 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಆ ಹನ್ನೊಂದು: ಅಕೇಡಿಯಾ, ಬ್ರೈಸ್ ಕ್ಯಾನಿಯನ್, ಎವರ್‌ಗ್ಲೇಡ್ಸ್, ಗ್ಲೇಶಿಯರ್, ಗ್ರ್ಯಾಂಡ್ ಕ್ಯಾನಿಯನ್, ಗ್ರ್ಯಾಂಡ್ ಟೀಟನ್, ರಾಕಿ ಮೌಂಟನ್, ಸೆಕೋಯಾ ಮತ್ತು ಕಿಂಗ್ಸ್ ಕ್ಯಾನಿಯನ್, ಯೆಲ್ಲೋಸ್ಟೋನ್, ಯೊಸೆಮಿಟಿ, ಜಾಯನ್. ಅಂದರೆ ಪ್ರವಾಸಿಗರು ನೋಡಬೇಕು ಅಂದುಕೊಳ್ಳುವುದೆಲ್ಲ.

ಬೆಂಗಳೂರಿನಿಂದ ಬಂದ ಗಂಡ ಹೆಂಡತಿ ಬಾಡಿಗೆ ಕಾರಿನಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಒಂದನ್ನೇ ನೋಡಿದರೆ 35 ಮತ್ತು 200, ಒಟ್ಟು 235. ಜೊತೆಗೆ ಜಾಯನ್ ಸೇರಿಸುವ ಯೋಚನೆ ಇದ್ದರೆ 250ರ ಪಾಸ್ ತಗೊಳ್ಳುವುದೇ ವಾಸಿ. ನಾಲ್ವರು ದೊಡ್ಡವರಾದರೆ ಮೊದಲ ಗೇಟಿನಲ್ಲೇ 435 ಆಗುತ್ತದೆ, ಲೆಕ್ಕ ಹಾಕುವ ಅಗತ್ಯವೇ ಇಲ್ಲ. ಇನ್ನು ಮಗನ ಮನೆಗೆ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ವಿಷಯ. ಮಗ ಎಚ್‌-1ಬಿ ವೀಸಾದಲ್ಲಿದ್ದರೂ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ತೋರಿಸಿ 80ರ ಪಾಸ್ ಪಡೆಯಬಹುದು. ಪಾಸಿನ ನಿಯಮದ ಪ್ರಕಾರ ಕಾರಿನ ಲೆಕ್ಕದಲ್ಲಿ ಫೀಸು ತಗೊಳ್ಳುವ ಜಾಗದಲ್ಲಿ ಪಾಸ್‌ದಾರರ ಜೊತೆ ಅದೇ ಕಾರಿನಲ್ಲಿ ಕೂತವರೆಲ್ಲ ಅದರಲ್ಲೇ ಒಳಗೆ. ಹಾಗಾಗಿ ಎರಡು ಕಾರು ಮಾಡಿಕೊಂಡು ಹೊರಟಾಗ ಅಪ್ಪ ಅಮ್ಮನನ್ನು ಪಾಸ್ ಇರುವ ಕಾರಿನಲ್ಲೇ ಕೂರಿಸಿಕೊಳ್ಳಿ. ಹೊಸ ನಿಯಮ ಆದ್ದರಿಂದ ಆ ಹನ್ನೊಂದರಲ್ಲಿ ಯಾವುದಕ್ಕೆ ಹೋಗುತ್ತೀರೋ ಅದರ ವೆಬ್‌ಸೈಟಿನ ಫೀಸ್ ಪುಟವನ್ನು ಹೊರಡುವ ಮುಂಚೆ ಒಮ್ಮೆ ಓದಿ. ತಲೆಗೆ ಇಷ್ಟು ಅಂತ ಫೀಸು ಇರುವ ಜಾಗಗಳಲ್ಲಿ, ಉದಾಹರಣೆಗೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮ್ಯೂರ್ ವುಡ್ಸ್‌ನಲ್ಲಿ, ಪಾಸ್‌ದಾರರ ಜೊತೆ ಇನ್ನು ಮೂವರು ದೊಡ್ಡವರಿಗೆ ಮಾತ್ರ ಅವಕಾಶ. ಐದನೆಯವರು ಟಿಕೆಟ್ ತಗೊಳ್ಳಬೇಕು. ಟೂರ್ ಕಂಪನಿಯ ಬಸ್ಸಿನಲ್ಲಿ ಹೋಗುವವರು ಪಾಸಿನಿಂದ ಬಸ್ಸಿನವರನ್ನೆಲ್ಲ ಒಳಗೆ ಕರೆದೊಯ್ಯಲು ಆಗುವುದಿಲ್ಲ.

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಇದ್ದು 62 ದಾಟಿದ್ದರೆ ಈ ವಾರ್ಷಿಕ ಪಾಸಿನ ಯೋಚನೆಯನ್ನೇ ಬಿಡಿ. ಸೀನಿಯರ್ ಪಾಸ್ ವರ್ಷಕ್ಕೆ 20 ಡಾಲರ್, ಜೀವನಪೂರ್ತಿಗೆ 80. 2017ರ ಆಗಸ್ಟ್ ತನಕ ಜೀವನಪೂರ್ತಿಯದು ಬರೀ 10 ಡಾಲರ್ ಇತ್ತು, ಆ ಕಾಲ ಹೋಯಿತು. ಆದರೂ ಈಗಿನ ದರಕ್ಕೂ ಇದು ಸೋವಿಯೇ. ಎಷ್ಟೋ ಕಡೆ ಕ್ಯಾಂಪಿಂಗ್ ಫೀಸಿನಲ್ಲಿ ಅರ್ಧ ಕಡಿಮೆಯೂ ಸಿಗುತ್ತದೆ. ಮೇಲಾಗಿ ಅವರು ಕಾರಿನಲ್ಲಿದ್ದರೆ ನಿಮಗೂ ಪ್ರವೇಶ ಆಯಿತು. ಅಂಚೆಯಲ್ಲಿ ತರಿಸಿದರೆ 10 ಡಾಲರ್ ಹೆಚ್ಚುವರಿ ಶುಲ್ಕ ಬೀಳುತ್ತದೆ, ಗೇಟಿನಲ್ಲೇ ವಯಸ್ಸಿನ ದಾಖಲೆ ತೋರಿಸಿ ತಗೊಳ್ಳಿ. ಮನೆಯಲ್ಲಿ ನಾಲ್ಕನೇ ಕ್ಲಾಸಿನ ಮಗು ಇದ್ದರೆ ಅದೂ ಬೇಡ: ಸೆಪ್ಟೆಂಬರ್ 1ರಿಂದ ಮರುವರ್ಷದ ಆಗಸ್ಟ್ 31ರ ತನಕ ಮಗುವಿನ ಹೆಸರಿನಲ್ಲಿ ಪಾಸ್ ಉಚಿತ, ಕಾರಿನಲ್ಲಿರುವವರೆಲ್ಲರಿಗೂ ಸೇರಿ. ಆ ಪಾಸಿಗಾಗಿ ಆನ್‌ಲೈನಿನಲ್ಲಿ ಸಿಗುವ ವೋಚರನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಒಯ್ಯಿರಿ. ಮಗು ಜೊತೆಯಲ್ಲಿ ಇರಬೇಕು ಅಂತ ಬೇರೆ ಹೇಳಬೇಕಿಲ್ಲ.

ತಗೊಳ್ಳುವಾಗ ತಿಂಗಳು ನೋಡಿಕೊಳ್ಳಿ. ಪಾಸ್ ತಗೊಂಡ ತಿಂಗಳಿನಿಂದ ಮುಂದಿನ ವರ್ಷ ಅದೇ ತಿಂಗಳ ಕೊನೆಯ ದಿನದ ತನಕ ನಡೆಯುತ್ತದೆ. ಜೂನ್ 1ಕ್ಕೆ ತಗೊಂಡರೆ ಮರುವರ್ಷದ ಜೂನ್ 30ರವರೆಗೆ. ಮೇ 30ಕ್ಕೆ ಅವಸರ ಮಾಡಿದರೆ ಒಂದು ತಿಂಗಳು ಹೋಯಿತು. ಬೇಸಿಗೆಯ ಒಂದು ಪ್ರವಾಸ ಜೂನ್ ಮೊದಲ ವಾರಕ್ಕೂ ಮರುವರ್ಷದ್ದು ಜೂನ್ ಕೊನೆಗೂ ಬಿದ್ದರೆ ಒಂದೇ ಪಾಸಿನಲ್ಲಿ ಎರಡು ಬೇಸಿಗೆ ಮುಗಿಸಬಹುದು. ಫೀಸಿನ ಕನಿಷ್ಠ 80 ಶೇಕಡಾ ಸಂಗ್ರಹಿಸಿದ ಜಾಗದಲ್ಲೇ ಉಳಿಯಬೇಕು ಅನ್ನುವುದು ಕಾನೂನಿನ ಸಾಮಾನ್ಯ ನಿಯಮ. ಹಾಗಾಗಿ ನಿಮಗೆ ಇಷ್ಟವಾದ ಪಾರ್ಕಿನ ಗೇಟಿನಲ್ಲೇ ಕೊಳ್ಳುವುದಕ್ಕೂ ಒಂದು ಕಾರಣ ಇದೆ. ಡೆತ್ ವ್ಯಾಲಿ, ರಾಕಿ ಮೌಂಟನ್ ಮುಂತಾದ ಕಡೆ ನಗದು ತಗೊಳ್ಳುವುದಿಲ್ಲ, ಕ್ರೆಡಿಟ್ ಕಾರ್ಡ್ ಕೈಯಲ್ಲಿರಲಿ.

2026ರಿಂದ ಕೇಂದ್ರ ಸರ್ಕಾರದ ಬುಕಿಂಗ್ ವೆಬ್‌ಸೈಟ್ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಡಿಜಿಟಲ್ ಪಾಸ್ ಕೂಡ ಸಿಗುತ್ತದೆ. ಅಂಚೆಗೆ ಕಾಯುವ ಕೆಲಸವಿಲ್ಲ, ಆದರೆ ದೊಡ್ಡ ಪಾರ್ಕುಗಳ ಎಷ್ಟೋ ಗೇಟುಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಹೋಟೆಲಿನ ವೈಫೈ ಇರುವಾಗಲೇ ಫೋನಿಗೆ ಇಳಿಸಿಕೊಳ್ಳಿ. ಪ್ಲಾಸ್ಟಿಕ್ ಕಾರ್ಡಾದರೆ ಹಿಂಬದಿಯಲ್ಲಿ ಸಹಿ ಹಾಕಿ. ಗೇಟಿನಲ್ಲಿ ಪಾಸಿನ ಜೊತೆ ಫೋಟೋ ಇರುವ ಐಡಿಯನ್ನೂ ಕೇಳುತ್ತಾರೆ. ಹೆಸರು ಹೊಂದದಿದ್ದರೆ ಪಾಸ್ ಗೆಳೆಯನದು, ಭಾವನದು ಅನ್ನುವ ಮಾತು ನಡೆಯಲ್ಲ. ಗೇಟಿನಲ್ಲಿ ಯಾರೂ ಇರದ ಫಾರೆಸ್ಟ್ ಸರ್ವಿಸ್ ಪಾರ್ಕಿಂಗಿನಲ್ಲಿ ಕಾರ್ಡು ಹೊರಗಿನಿಂದ ಕಾಣಬೇಕು. ಅದಕ್ಕೆ ಕನ್ನಡಿಗೆ ತೂಗುಹಾಕುವ ಹ್ಯಾಂಗ್‌ಟ್ಯಾಗ್ ಗೇಟಿನಲ್ಲಿ ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಮೋಟಾರ್‌ಸೈಕಲ್ ಅಥವಾ ಮೇಲ್ಛಾವಣಿ ಇಲ್ಲದ ಜೀಪಿನವರು ಡೆಕಲ್ (ಗಾಡಿಗೆ ಅಂಟಿಸುವ ಸ್ಟಿಕ್ಕರ್) ಕೇಳಿ ಪಡೆಯಿರಿ, ತೆರೆದ ಗಾಡಿಯಲ್ಲಿ ಕಾರ್ಡು ಬಿಟ್ಟು ಹೋದರೆ ವಾಪಸ್ ಬರುವಾಗ ಅದು ಅಲ್ಲಿರುತ್ತದೆ ಅನ್ನುವ ಭರವಸೆಯಿಲ್ಲ.